ರಟ್ಟು, ಫೆವಿಕಾಲ್, ಈರುಳ್ಳಿ ಸಿಪ್ಪೆ: ಕೊಲಾಗ್ರಫ್ ಅನ್ನೋ ಅಚ್ಚಿನ ಕಲೆ

 

ಚಿಕ್ಕವರಿದ್ದಾಗ ಒಂದು ಆಟ ಆಡಿರ್ತೀರಿ. ನಾಣ್ಯದ ಮೇಲೆ ನೋಟ್‌ಬುಕ್ಕಿನ ಹಾಳೆ ಇಟ್ಟು, ಪೆನ್ಸಿಲ್ ಮಲಗಿಸಿ ಉಜ್ಜೋದು. ಸಿಂಹದ ಮುಖ, ಅಂಕಿ, ಅಂಚು ಎಲ್ಲಾ ತಾನಾಗೇ ಹಾಳೆ ಮೇಲೆ ಬರ್ತಿತ್ತು. ನೀವೇನೂ ಚಿತ್ರ ಬರೆದಿರಲಿಲ್ಲ. ನಾಣ್ಯದ ಉಬ್ಬು ತಗ್ಗುಗಳೇ ಬರೆದಿದ್ವು.

ಇವತ್ತಿನ ವಿಷಯ ಆ ಆಟದ ದೊಡ್ಡಣ್ಣ. ಹೆಸರು ಕೊಲಾಗ್ರಫ್. ಒಂದು ರಟ್ಟಿನ ತುಂಡಿನ ಮೇಲೆ ದಾರ, ಗೋಣಿಚೀಲ, ಉಪ್ಪುಕಾಗದ, ಒಣಗಿದ ಎಲೆ, ಹೀಗೆ ಕೈಗೆ ತರಿತರಿ ಅನ್ನಿಸೋ ವಸ್ತುಗಳನ್ನ ಅಂಟಿಸಿ, ಒಣಗಿಸಿ, ಇಂಕ್ ಹಚ್ಚಿ, ಮೇಲೆ ಕಾಗದ ಒತ್ತಿ ಅಚ್ಚು ತೆಗೆಯೋದು. ಆ ರಟ್ಟಿಗೆ ಪ್ಲೇಟ್ ಅಂತಾರೆ. ಒಂದು ಪ್ಲೇಟಿಂದ ಒಂದಲ್ಲ, ಹಲವಾರು ಅಚ್ಚು ತೆಗೀಬಹುದು.

"ನಂಗೆ ಡ್ರಾಯಿಂಗ್ ಬರಲ್ಲ", "ಕಲೆಗೆ ದುಡ್ಡು ಬೇಕು" ಅಂತ ಕೂತಿರೋರಿಗಾಗಿಯೇ ಈ ಸಂಚಿಕೆ. ಇಲ್ಲಿ ಗೆರೆ ಎಳೆಯೋ ಕೈಗಿಂತ ಮುಟ್ಟಿ ನೋಡೋ ಬೆರಳಿಗೆ ಕೆಲಸ ಜಾಸ್ತಿ. ಇನ್ನು ದುಡ್ಡಿನ ವಿಷಯ. ಸಾಮಾನು ಅಗ್ಗ, ನಿಜ. ಆದರೆ ಅಗ್ಗದ ಸಾಮಾನು ಅಂದರೆ ಅಗ್ಗದ ಕೆಲಸ ಅಂತಲ್ಲ. ಆ ಲೆಕ್ಕ ಕೊನೆಗೆ ಮಾಡೋಣ.

ಹೆಸರು ಬಂದಿದ್ದು ಎಲ್ಲಿಂದ?

ಗ್ರೀಕ್ ಭಾಷೆಯಲ್ಲಿ 'ಕೊಲ್ಲಾ' ಅಂದ್ರೆ ಅಂಟು. ಕೊಲಾಜ್ ಅನ್ನೋ ಪದದ ಬೇರೂ ಅದೇ. ಕೊಲಾಜ್ ಮಾಡಿ ಅದರಿಂದ ಅಚ್ಚು ತೆಗೆದರೆ ಕೊಲಾಗ್ರಫ್. ಈ ಹೆಸರಿಟ್ಟಿದ್ದು ಗ್ಲೆನ್ ಆಲ್ಪ್ಸ್ ಅನ್ನೋ ಅಮೆರಿಕದ ಕಲಾವಿದ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದವರು. 1956ರ ಹೊತ್ತಿಗೆ ಈ ಪದ ಬಳಕೆಗೆ ತಂದರು.

ಹೆಸರು ಹೊಸದು, ಉಪಾಯ ಅದಕ್ಕಿಂತ ಹಳೇದು. 1930ರ ದಶಕದಲ್ಲೇ ರೋಲ್ಫ್ ನೆಶ್ ಅನ್ನೋ ಕಲಾವಿದ ಲೋಹದ ಪ್ಲೇಟಿನ ಮೇಲೆ ತಂತಿ, ಲೋಹದ ತುಂಡುಗಳನ್ನ ಸೇರಿಸಿ ಅಚ್ಚು ತೆಗೀತಿದ್ದರು. ಅಲ್ಲೀವರೆಗೆ ಅಚ್ಚಿನ ಕಲೆ ಅಂದ್ರೆ ಹೆಚ್ಚಾಗಿ ಕೊರೆಯೋದು: ಮರ ಕೆತ್ತೋದು, ತಾಮ್ರದ ಮೇಲೆ ಗೀರೋದು, ಆಸಿಡ್‌ನಲ್ಲಿ ತಿನ್ನಿಸೋದು. ಕೊಲಾಗ್ರಫ್ ಅದನ್ನ ತಿರುಗಿಸಿಬಿಡ್ತು. ತೆಗೆಯೋ ಬದಲು ಸೇರಿಸೋದು. ಹಾಗಾಗಿ ಆಸಿಡ್ ಬೇಡ, ತಾಮ್ರ ಬೇಡ, ಉಳಿ ಬೇಡ.

ಎತ್ತರವೇ ಇಲ್ಲಿ ಪೆನ್ಸಿಲ್

ಇದೊಂದು ಅರ್ಥ ಆದ್ರೆ ಉಳಿದಿದ್ದೆಲ್ಲ ಸಲೀಸು. ಇಂಕ್ ಹಚ್ಚೋಕೆ ಎರಡು ದಾರಿ ಇದೆ.

ಮೊದಲನೇದು ರಿಲೀಫ್. ರಬ್ಬರ್ ಸ್ಟ್ಯಾಂಪ್ ನೆನಪಿಸಿಕೊಳ್ಳಿ. ಉಬ್ಬಿದ ಜಾಗಕ್ಕೆ ಮಾತ್ರ ಇಂಕ್ ತಾಗತ್ತೆ, ತಗ್ಗು ಖಾಲಿ ಉಳಿಯತ್ತೆ. ಪ್ಲೇಟಿನ ಮೇಲೆ ರೋಲರ್ ಆಡಿಸಿದ್ರೆ ಎತ್ತರದ ಜಾಗ ಕಪ್ಪಾಗತ್ತೆ, ತಗ್ಗು ಬೆಳ್ಳಗೆ ಬರತ್ತೆ.

ಎರಡನೇದು ಇಂಟಾಲಿಯೋ. ಇದಕ್ಕೆ ಹಳೇ ಮನೆಯ ಕೆತ್ತನೆ ಬಾಗಿಲು ನೆನಪಿಸಿಕೊಳ್ಳಿ. ಬಟ್ಟೆ ತಗೊಂಡು ಒರೆಸಿದ್ರೆ ಉಬ್ಬಿದ ಭಾಗ ಹೊಳೆಯತ್ತೆ, ಸಂದಿಗಳಲ್ಲಿ ಮಾತ್ರ ಧೂಳು ಉಳಿಯತ್ತೆ. ಧೂಳಿನ ಜಾಗದಲ್ಲಿ ಇಂಕ್ ಇದೆ ಅಂದ್ಕೊಳ್ಳಿ. ಇಡೀ ಪ್ಲೇಟಿಗೆ ಇಂಕ್ ತುಂಬಿ, ಮೇಲಿಂದ ಒರೆಸಿ, ಸಂದಿಯಲ್ಲಿ ಉಳಿದ ಇಂಕನ್ನ ಒದ್ದೆ ಕಾಗದಕ್ಕೆ ಎಳೆಯೋದೇ ಇಂಟಾಲಿಯೋ.

ಮಜಾ ಇರೋದು ಇಲ್ಲೇ. ಅದೇ ಪ್ಲೇಟು ರಿಲೀಫ್‌ನಲ್ಲಿ ಒಂದು ಥರ, ಇಂಟಾಲಿಯೋದಲ್ಲಿ ಹೆಚ್ಚುಕಮ್ಮಿ ಅದರ ಉಲ್ಟಾ ಬರತ್ತೆ. ಮೊದಲು ಸಂದಿಗಳಿಗೆ ಒಂದು ಬಣ್ಣ ತುಂಬಿ ಒರೆಸಿ, ಆಮೇಲೆ ಉಬ್ಬುಗಳ ಮೇಲೆ ರೋಲರ್‌ನಿಂದ ಇನ್ನೊಂದು ಬಣ್ಣ ಹಚ್ಚಿದ್ರೆ ಒಂದೇ ಸಲಕ್ಕೆ ಎರಡು ಬಣ್ಣದ ಅಚ್ಚು.

ಇಂಟಾಲಿಯೋದಲ್ಲಿ ಕಪ್ಪು ಬಿಳುಪಿನ ಸೂತ್ರ ಹೀಗಿದೆ: ತರಿತರಿ ಇದ್ದಷ್ಟೂ ಇಂಕ್ ಹಿಡಿಯತ್ತೆ, ಕಪ್ಪಾಗತ್ತೆ. ನುಣುಪಾದಷ್ಟೂ ಇಂಕ್ ಒರೆಸಿ ಹೋಗತ್ತೆ, ಬೆಳ್ಳಗಾಗತ್ತೆ. ಈ ಎರಡು ತುದಿಗಳ ನಡುವೆ ಇರೋ ಎಲ್ಲಾ ಬೂದು ಬಣ್ಣಗಳೂ ನಿಮ್ಮ ಮನೆಯ ಡ್ರಾಯರ್, ಅಡುಗೆಮನೆ, ಹಿತ್ತಲಲ್ಲೇ ಸಿಗತ್ತೆ.

ಏನೇನು ಅಂಟಿಸಬಹುದು?

ಮೊದಲು ತಳ. ಹೊಸ ಅಂಗಿ ಜೊತೆ ಬರೋ ರಟ್ಟು, ಸ್ವೀಟ್ ಬಾಕ್ಸು, ದಪ್ಪ ಲಗ್ನಪತ್ರಿಕೆ, ಹಳೇ ಫೈಲು, ಒಂದೆರಡು ಮಿಲಿಮೀಟರ್ ದಪ್ಪ ಇರೋ ಯಾವ ಗಟ್ಟಿ ರಟ್ಟಾದ್ರೂ ನಡೆಯತ್ತೆ. ಆನ್‌ಲೈನ್ ಆರ್ಡರಿನ ಕಂದು ಡಬ್ಬ ಬೇಡ. ಅದರ ಒಳಗೆ ಅಲೆಅಲೆಯಾಗಿ ಟೊಳ್ಳು ಇರತ್ತೆ, ಒತ್ತಡ ಬಿದ್ದರೆ ಕುಸಿಯತ್ತೆ. ಆದರೆ ಮೇಲಿನ ಪದರ ಕಿತ್ತರೆ ಒಳಗಿನ ಅಲೆಗಳು ಚೆನ್ನಾಗಿರ್ತವೆ. ಅದನ್ನ ಸಣ್ಣದಾಗಿ ಕತ್ತರಿಸಿ, ಚಪ್ಪಟೆ ಮಾಡಿ ಅಂಟಿಸೋಕೆ ಇಟ್ಕೊಳ್ಳಿ.

ಇನ್ನು ಮೇಲೆ ಅಂಟಿಸೋ ವಸ್ತುಗಳು. ಇವನ್ನ ಬಣ್ಣದ ಡಬ್ಬಿಗಳು ಅಂದ್ಕೊಳ್ಳಿ. ಇಂಟಾಲಿಯೋದಲ್ಲಿ ಯಾವುದು ಏನು ಕೊಡತ್ತೆ ಅಂತ ಹೇಳ್ತೀನಿ.

ಉಪ್ಪುಕಾಗದ, ಅಂದ್ರೆ ಸ್ಯಾಂಡ್‌ಪೇಪರ್: ಗಾಢ ಕಪ್ಪು. ಫೆವಿಕಾಲ್ ಸವರಿ ಅದರ ಮೇಲೆ ನಯವಾದ ಮರಳು ಅಥವಾ ಕಲ್ಲಿನ ರಂಗೋಲಿ ಪುಡಿ ಉದುರಿಸಿದ್ರೂ ಇದೇ ಥರದ ಕಪ್ಪು. ಕಲಾವಿದರು ಈ ಕೆಲಸಕ್ಕೆ ಕಾರ್ಬೊರಂಡಮ್ ಅನ್ನೋ ಗಟ್ಟಿ ಪುಡಿ ಬಳಸ್ತಾರೆ, ಮಖಮಲ್ಲಿನಂಥ ಕಪ್ಪು ಬರತ್ತೆ. ಉಪ್ಪುಕಾಗದಕ್ಕೆ ಒಂದು ಎಚ್ಚರಿಕೆ: ತೀರಾ ಒರಟಾಗಿರೋದು ಒರೆಸೋ ಬಟ್ಟೆಯನ್ನೇ ತಿಂದು ಹಾಕತ್ತೆ. ನಯವಾದ ನಂಬರ್ ತಗೊಳ್ಳಿ.

ಗೋಣಿಚೀಲ, ಬ್ಯಾಂಡೇಜ್ ಬಟ್ಟೆ, ಹಳೇ ಸೊಳ್ಳೆ ಪರದೆ, ಲೇಸು: ನೇಯ್ಗೆಯ ಒಂದೊಂದು ಕಣ್ಣಲ್ಲೂ ಇಂಕ್ ಕೂತು ಜಾಲರಿ ಬರತ್ತೆ. ಗೋಣಿಯ ಎಳೆಗಳನ್ನ ಅಲ್ಲಲ್ಲಿ ಎಳೆದು ಸಡಿಲ ಮಾಡಿದ್ರೆ ಇನ್ನೂ ಜೀವ ಬರತ್ತೆ.

ದಾರ, ತೆಂಗಿನ ನಾರು: ಇದು ಸ್ವಲ್ಪ ಆಶ್ಚರ್ಯ. ದಾರದ ಬೆನ್ನು ಒರೆಸಿದಾಗ ಬೆಳ್ಳಗಾಗತ್ತೆ, ಅದರ ಎರಡೂ ಪಕ್ಕದ ಸಂದಿಯಲ್ಲಿ ಇಂಕ್ ಉಳಿಯತ್ತೆ. ಅಂದ್ರೆ ಬಿಳಿ ಗೆರೆ, ಅದಕ್ಕೆ ಎರಡು ಕಡೆ ಕಪ್ಪು ನೆರಳು. ರಟ್ಟಿನ ಮೇಲೆ ಇನ್ನೊಂದು ರಟ್ಟು ಕತ್ತರಿಸಿ ಅಂಟಿಸಿದಾಗಲೂ ಅದರ ಅಂಚಿನ ಸುತ್ತ ಹೀಗೇ ಕಪ್ಪು ಗೆರೆ ಬರತ್ತೆ. ನೀವು ಗೆರೆ ಎಳೆಯದೇ ಗೆರೆ ಬಂತು.

ಈರುಳ್ಳಿ, ಬೆಳ್ಳುಳ್ಳಿ ಸಿಪ್ಪೆ, ಒಣಗಿದ ಅರಳಿ ಎಲೆ: ಸಣ್ಣ ಸಣ್ಣ ನರಗಳೂ ಬೀಳ್ತವೆ. ಎಲೆಯ ಹಿಂಭಾಗ ಮೇಲೆ ಬರೋ ಹಾಗೆ ಅಂಟಿಸಿ, ನರ ಉಬ್ಬಿರೋದು ಆ ಕಡೆನೇ. ಎಲೆ, ಸಿಪ್ಪೆ ಪೂರ್ತಿ ಒಣಗಿರಬೇಕು. ಹಸಿ ಇದ್ದರೆ ಬೂಷ್ಟು ಬರತ್ತೆ.

ಮಾಸ್ಕಿಂಗ್ ಟೇಪು, ಮಾತ್ರೆ ಪಟ್ಟಿಯ ಫಾಯಿಲ್, ಜ್ಯೂಸ್ ಡಬ್ಬಿಯ ಒಳಗಿನ ಬೆಳ್ಳಿ ಪದರ: ನುಣುಪು, ಹಾಗಾಗಿ ಬೆಳಕು. ಆಕಾಶ, ನೀರು, ಮುಖ ಹೀಗೆ ತಿಳಿಯಾಗಿರಬೇಕಾದ ಜಾಗಕ್ಕೆ ಇವು. ಫಾಯಿಲ್ ಸುಕ್ಕು ಮಾಡಿ ಅಂಟಿಸಿದ್ರೆ ಸುಕ್ಕುಗಳಲ್ಲಿ ಮಾತ್ರ ಕೂದಲೆಳೆಯಂಥ ಗೆರೆ.

ಏನೂ ಅಂಟಿಸದೆಯೂ ಕೆಲಸ ಮಾಡಬಹುದು. ಕಟರ್‌ನಿಂದ ರಟ್ಟಿನ ಮೇಲ್ಪದರ ಮಾತ್ರ ಗೀರಿ, ಸಿಪ್ಪೆ ಸುಲಿದ ಹಾಗೆ ಎತ್ತಿ. ಒಳಗಿನ ಒರಟು ಭಾಗ ಇಂಕ್ ಹಿಡಿದು ಚೆಂದದ ಗಾಢ ಬೂದು ಕೊಡತ್ತೆ. ಖಾಲಿ ಫೆವಿಕಾಲನ್ನೇ ಬ್ರಷ್‌ನಿಂದ ಬಳಿದು ಬಿಟ್ಟರೂ ಸರಿ, ಬ್ರಷ್ ಓಡಿದ ಗುರುತುಗಳೂ ಅಚ್ಚಲ್ಲಿ ಕಾಣಿಸ್ತವೆ.

ಎರಡು ನಿಯಮ ಮಾತ್ರ ಮರೀಬೇಡಿ. ಒಂದು, ತಳದಿಂದ ಮೇಲಕ್ಕೆ ಎಲ್ಲಾ ಸೇರಿ ಎರಡು, ಹೆಚ್ಚಂದ್ರೆ ಮೂರು ಮಿಲಿಮೀಟರ್ ಎತ್ತರ ದಾಟಬಾರದು. ಬಟನ್ನು, ಬೇಳೆ, ಕಡ್ಡಿ ಅಂಟಿಸಿದ್ರೆ ಪ್ಲೇಟ್ ನೋಡೋಕೆ ಚೆಂದ, ಆದರೆ ಕಾಗದ ಹರಿಯತ್ತೆ, ಪಕ್ಕದ ಜಾಗಕ್ಕೆ ಒತ್ತಡ ಮುಟ್ಟೋದೇ ಇಲ್ಲ. ಎರಡು, ಸ್ಟೇಪಲ್ ಪಿನ್ನು, ಗಾಜಿನ ಚೂರು, ಚೂಪಾದ ಲೋಹ ಯಾವುದೂ ಬೇಡ. ಕೈಗೂ ಅಪಾಯ, ಪ್ರೆಸ್ಸಿಗೂ ಅಪಾಯ.

ಇನ್ನೊಂದು ವಿಷಯ. ಅಚ್ಚು ಕನ್ನಡಿಯ ಹಾಗೆ ತಿರುಗಿ ಬರತ್ತೆ. ಹೆಸರು, ಅಕ್ಷರ ಏನಾದ್ರೂ ಇದ್ದರೆ ಪ್ಲೇಟಿನಲ್ಲಿ ಉಲ್ಟಾ ಇರಬೇಕು. ಮೊಬೈಲ್‌ನಲ್ಲಿ ಫೋಟೋ ತೆಗೆದು ಫ್ಲಿಪ್ ಮಾಡಿ ನೋಡಿದ್ರೆ ಅಚ್ಚು ಹೇಗೆ ಬರಬಹುದು ಅಂತ ಮೊದಲೇ ಗೊತ್ತಾಗತ್ತೆ.

ಅಂಟು, ಆಮೇಲೆ ಅರಗು

ಅಂಟಿಸೋಕೆ ಫೆವಿಕಾಲ್ ಸಾಕು. ವಸ್ತುವಿನ ಮೇಲೆ ಸುರಿಯಬೇಡಿ. ತಳಕ್ಕೆ ತೆಳ್ಳಗೆ ಸವರಿ ವಸ್ತುವನ್ನ ಒತ್ತಿ. ಅಂಟು ಜಾಸ್ತಿ ಆದ್ರೆ ಗೋಣಿಯ ಕಣ್ಣು, ಎಲೆಯ ನರ ಎಲ್ಲಾ ಮುಚ್ಚಿಹೋಗಿ, ಇಷ್ಟು ಕಷ್ಟಪಟ್ಟು ಹುಡುಕಿದ ತರಿಯೇ ಮಾಯ. ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಕಿ, ದಪ್ಪ ಪುಸ್ತಕಗಳನ್ನ ಹೇರಿ ಒಂದು ದಿನ ಬಿಡಿ. ರಟ್ಟು ಸೊಟ್ಟ ಆಗಲ್ಲ.

ಆಮೇಲಿನ ಹೆಜ್ಜೆಯನ್ನೇ ತುಂಬಾ ಜನ ಬಿಟ್ಟುಬಿಡೋದು: ಸೀಲ್ ಮಾಡೋದು. ಫೆವಿಕಾಲ್ ಒಣಗಿದ ಮೇಲೂ ನೀರು ತಾಗಿದ್ರೆ ಮೆತ್ತಗಾಗತ್ತೆ. ಇಂಟಾಲಿಯೋಗೆ ಕಾಗದ ಒದ್ದೆ ಇರಬೇಕು. ಸೀಲ್ ಮಾಡದ ಪ್ಲೇಟಿನ ಮೇಲೆ ಒದ್ದೆ ಕಾಗದ ಇಟ್ಟು ಒತ್ತಿದ್ರೆ ಎರಡೂ ಒಂದಕ್ಕೊಂದು ಅಂಟ್ಕೊಂಡು, ಅಚ್ಚೂ ಇಲ್ಲ, ಪ್ಲೇಟೂ ಇಲ್ಲ.

ಇದಕ್ಕೆ ಹಳೇ ಕಾಲದಿಂದ ಬಳಸೋದು ಶೆಲ್ಲಾಕ್. ಹಾರ್ಡ್‌ವೇರ್ ಅಂಗಡಿಯಲ್ಲಿ ಫ್ರೆಂಚ್ ಪಾಲಿಶ್ ಅಂತ ಕೇಳಿ. ಇದು ಬೇರೇನಲ್ಲ, ನಮ್ಮ ಅರಗು: ಮರದ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸುರಿಸೋ ಅಂಟು. ಚನ್ನಪಟ್ಟಣದ ಬೊಂಬೆಗಳಿಗೆ ಆ ಹೊಳಪು ಕೊಡೋದೂ ಬಣ್ಣ ಸೇರಿಸಿದ ಅರಗೇ. ಅಲ್ಲಿ ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಿಸಿಗೆ ಕರಗಿಸ್ತಾರೆ, ಇಲ್ಲಿ ಸ್ಪಿರಿಟ್‌ನಲ್ಲಿ ಕರಗಿಸಿದ್ದನ್ನ ಬ್ರಷ್‌ನಿಂದ ಬಳಿಯೋದು. ಮುಂದೆ, ಹಿಂದೆ, ನಾಲ್ಕೂ ಅಂಚಿಗೆ ಎರಡು ತೆಳ್ಳನೆ ಕೋಟ್. ಒಂದು ಒಣಗಿದ ಮೇಲೆ ಇನ್ನೊಂದು.

ಸ್ಪಿರಿಟ್ ಬೇಗ ಬೆಂಕಿ ಹಿಡಿಯತ್ತೆ. ಕಿಟಕಿ ತೆರೆದಿಡಿ, ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ ಮಾಡಬೇಡಿ. ಮಕ್ಕಳ ಜೊತೆ ಮಾಡೋದಾದ್ರೆ ಶೆಲ್ಲಾಕ್ ಬದಲು ನೀರಿನ ಅಕ್ರಿಲಿಕ್ ವಾರ್ನಿಷ್ ತಗೊಳ್ಳಿ.

ಸೀಲ್ ಆಯ್ತಾ? ಈಗ ನಾಣ್ಯದ ಆಟ ಆಡಿ. ಪ್ಲೇಟಿನ ಮೇಲೆ ತೆಳ್ಳನೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ. ಯಾವ ತರಿ ಉಳಿದಿದೆ, ಯಾವುದು ಮುಚ್ಚಿದೆ ಅಂತ ಇಂಕ್ ಖರ್ಚಿಲ್ಲದೇ ತಿಳಿಯತ್ತೆ.

ಅಚ್ಚು ತೆಗೆಯೋದು: ಪ್ರೆಸ್ ಇಲ್ಲದೆ, ಪ್ರೆಸ್ ಇದ್ದರೆ

ಮನೆಯಲ್ಲಿ ಪ್ರೆಸ್ ಇಲ್ಲದೋರು ರಿಲೀಫ್‌ನಿಂದ ಶುರು ಮಾಡಿ. ಸ್ಟೇಷನರಿ ಅಂಗಡಿಯಲ್ಲಿ ಸಿಗೋ ಬ್ಲಾಕ್ ಪ್ರಿಂಟಿಂಗ್ ಇಂಕನ್ನ ಟೈಲ್ಸಿನ ತುಂಡಿನ ಮೇಲೆ ತೆಳ್ಳಗೆ ಹರಡಿ, ಸಣ್ಣ ರಬ್ಬರ್ ರೋಲರ್‌ನಿಂದ ಪ್ಲೇಟಿಗೆ ಹಚ್ಚಿ. ರೋಲರ್ ಇಲ್ಲದಿದ್ದರೆ ಸ್ಪಂಜನ್ನ ಹಳೇ ಹತ್ತಿ ಬಟ್ಟೆಯಲ್ಲಿ ಕಟ್ಟಿ ಉಂಡೆ ಮಾಡಿ ತಟ್ಟಿದ್ರೂ ಆಗತ್ತೆ. ಮೇಲೆ ತೆಳ್ಳನೆ ಒಣ ಕಾಗದ ಇಟ್ಟು, ಸ್ಟೀಲ್ ಚಮಚದ ಬೆನ್ನಿಂದ ಮಧ್ಯದಿಂದ ಅಂಚಿನ ಕಡೆಗೆ ಸಾವಕಾಶವಾಗಿ ಉಜ್ಜಿ. ಒಂದು ಮೂಲೆ ಎತ್ತಿ ನೋಡಿ. ಸಾಲದಿದ್ದರೆ ಅಲ್ಲಿ ಇನ್ನಷ್ಟು ಉಜ್ಜಿ, ಆಮೇಲೆ ಪೂರ್ತಿ ಎತ್ತಿ.

ಇಂಟಾಲಿಯೋಗೆ ಚಮಚದ ಒತ್ತಡ ಸಾಲಲ್ಲ. ಸಂದಿಯೊಳಗಿನ ಇಂಕಿಗೆ ಕಾಗದ ಮುಟ್ಟಬೇಕಲ್ಲ. ಎಚಿಂಗ್ ಪ್ರೆಸ್ ಅಂದ್ರೆ ಕಬ್ಬಿನ ಹಾಲಿನ ಮಷೀನಿನ ನೆಂಟ: ಎರಡು ಉಕ್ಕಿನ ರೋಲರ್, ನಡುವೆ ಒಂದು ಹಲಗೆ, ತಿರುಗಿಸೋಕೆ ಚಕ್ರ. ಹಲಗೆ ಮೇಲೆ ಪ್ಲೇಟು, ಅದರ ಮೇಲೆ ಒದ್ದೆ ಕಾಗದ, ಅದರ ಮೇಲೆ ಉಣ್ಣೆಯ ಕಂಬಳಿ. ಕಂಬಳಿ ಮೆತ್ತಗಿರೋದ್ರಿಂದ ಕಾಗದವನ್ನ ಪ್ಲೇಟಿನ ಪ್ರತಿ ತಗ್ಗಿಗೂ ತಳ್ಳತ್ತೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಲಾ ಕಾಲೇಜಿನಂಥ ಕಡೆ ಗ್ರಾಫಿಕ್ ವಿಭಾಗ ಅಂತಲೇ ಇರತ್ತೆ. ನಿಮ್ಮೂರಿನ ಕಲಾ ಶಾಲೆಯಲ್ಲೂ ಅಂಥದ್ದಿದ್ದರೆ ಅಲ್ಲಿನ ವಿದ್ಯಾರ್ಥಿಗಳನ್ನ ಮಾತಾಡಿಸಿ.

ಕಾಗದ ದಪ್ಪ ಇರಬೇಕು, 250ರಿಂದ 300 ಜಿಎಸ್ಎಂ, ಹತ್ತಿಯಿಂದ ಮಾಡಿದ್ದಾದ್ರೆ ಉತ್ತಮ. 15-20 ನಿಮಿಷ ನೀರಲ್ಲಿ ನೆನೆಸಿ, ಎರಡು ಟವೆಲ್ ನಡುವೆ ಒತ್ತಿ. ಮೇಲೆ ನೀರು ಹೊಳೀಬಾರದು, ಮುಟ್ಟಿದ್ರೆ ತಣ್ಣಗಿರಬೇಕು, ಅಷ್ಟೇ. ಎಣ್ಣೆ ಆಧಾರದ ಇಂಕನ್ನ ಹಳೇ ಟೂತ್‌ಬ್ರಷ್‌ನಿಂದ ಸಂದಿಗಳಿಗೆ ತುಂಬಿ, ಗಂಜಿ ಹಾಕಿದ ತೆಳು ಬಟ್ಟೆಯಿಂದ ಗುಂಡಗೆ ಒರೆಸಿ, ಕೊನೆಗೆ ನ್ಯೂಸ್‌ಪೇಪರ್ ತುಂಡಿನಿಂದ ಹಗುರವಾಗಿ. ಜಾಸ್ತಿ ಒರೆಸಿದ್ರೆ ಚಿತ್ರ ಪೇಲವ, ಕಮ್ಮಿ ಒರೆಸಿದ್ರೆ ಮಸಿ. ಈ ಹದ ಯಾರೂ ಹೇಳಿಕೊಡೋಕಾಗಲ್ಲ, ದೋಸೆ ಹಿಟ್ಟಿನ ಹದದ ಹಾಗೆ ಕೈಗೇ ಬರಬೇಕು.

ಕೈ, ಟೈಲ್ಸ್ ತೊಳೆಯೋಕೆ ಸೀಮೆಎಣ್ಣೆ, ಥಿನ್ನರ್ ಬೇಡ. ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು. ಪ್ಲೇಟನ್ನ ಮಾತ್ರ ಸ್ಯಾನಿಟೈಸರ್‌ನಿಂದ ಒರೆಸಬೇಡಿ. ಅದರಲ್ಲಿರೋ ಆಲ್ಕೋಹಾಲ್ ಅರಗನ್ನೇ ಕರಗಿಸಿಬಿಡತ್ತೆ.

ಶಾಲೆಯ ಕ್ರಾಫ್ಟ್ ಪೀರಿಯಡ್ ಅಲ್ವಾ ಇದು?

ಇಷ್ಟು ಕೇಳಿದ ಮೇಲೆ ಹಾಗನ್ನಿಸಬಹುದು. ಅದಕ್ಕೇ ಒಬ್ಬರ ಬಗ್ಗೆ ಹೇಳಬೇಕು. ಬೆಲ್ಕಿಸ್ ಅಯೋನ್. 1967ರಲ್ಲಿ ಕ್ಯೂಬಾದ ಹವಾನಾದಲ್ಲಿ ಹುಟ್ಟಿದವರು.

1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಅದನ್ನೇ ನೆಚ್ಚಿಕೊಂಡಿದ್ದ ಕ್ಯೂಬಾಕ್ಕೆ ಎಣ್ಣೆ, ಆಹಾರ, ಕಾಗದ ಎಲ್ಲದಕ್ಕೂ ಅಭಾವ ಶುರುವಾಯ್ತು. ಅಲ್ಲಿ ಆ ವರ್ಷಗಳನ್ನ 'ವಿಶೇಷ ಅವಧಿ' ಅಂತಾರೆ. ಅಯೋನ್ ತಮ್ಮ ಹೆಚ್ಚಿನ ದೊಡ್ಡ ಕೆಲಸಗಳನ್ನ ಮಾಡಿದ್ದು ಆಗಲೇ. ರಟ್ಟಿನ ಮೇಲೆ ಬೇರೆ ಬೇರೆ ಕಾಗದ, ತರಿ ಪುಡಿ ಅಂಟಿಸಿ ಕೊಲಾಗ್ರಫ್. ಒಂದು ಹಾಳೆಯಲ್ಲಿ ಹಿಡಿಸದ ಚಿತ್ರವನ್ನ ಹಲವು ಹಾಳೆಗಳಲ್ಲಿ ಅಚ್ಚು ತೆಗೆದು ಜೋಡಿಸಿ, ಗೋಡೆಯಷ್ಟು ದೊಡ್ಡದು ಮಾಡಿದರು.

ಅವರ ವಿಷಯ ಅಬಾಕ್ವಾ ಅನ್ನೋ ಗಂಡಸರದ್ದೇ ಆದ ರಹಸ್ಯ ಪಂಥ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಜೊತೆ ಕ್ಯೂಬಾಕ್ಕೆ ಬಂದದ್ದು. ಅದರ ಪುರಾಣದಲ್ಲಿ ಸಿಕಾನ್ ಅನ್ನೋ ಹೆಣ್ಣು ಪವಿತ್ರ ಮೀನಿನ ದನಿ ಕೇಳಿಸಿಕೊಳ್ತಾಳೆ. ಆ ಗುಟ್ಟು ಹೊರಬಿದ್ದ ತಪ್ಪಿಗೆ ಅವಳನ್ನ ಬಲಿ ಕೊಡ್ತಾರೆ. ಅಯೋನ್ ಚಿತ್ರಗಳಲ್ಲಿ ಸಿಕಾನ್ ಮತ್ತೆ ಮತ್ತೆ ಬರ್ತಾಳೆ. ಅಲ್ಲಿನ ಆಕೃತಿಗಳಿಗೆ ನಮ್ಮನ್ನೇ ದಿಟ್ಟಿಸೋ ಕಣ್ಣುಗಳಿವೆ, ಬಾಯಿ ಇಲ್ಲ. 1991ರ 'ಲಾ ಸೇನಾ', ಅಂದ್ರೆ ಭೋಜನ ಅನ್ನೋ ಚಿತ್ರ ಕ್ರಿಸ್ತನ ಕೊನೆಯ ಭೋಜನದ ಚೌಕಟ್ಟನ್ನೇ ತಗೊಂಡು, ನಡುವೆ ಸಿಕಾನಳನ್ನ ಕೂರಿಸತ್ತೆ.

ಹೆಚ್ಚಾಗಿ ಕಪ್ಪು, ಬಿಳುಪು, ಬೂದು ಬಣ್ಣಗಳೇ. ಮೈಮೇಲೆ ಮೀನಿನ ಹುರುಪೆ, ಕತ್ತಲಲ್ಲಿ ಮಿನುಗೋ ಚರ್ಮ, ಮಖಮಲ್ ಕಪ್ಪು, ಎಲ್ಲಾ ನಾನು ಈಗಷ್ಟೇ ಹೇಳಿದ ತರಿ ನುಣುಪಿನ ಲೆಕ್ಕದಲ್ಲೇ ಬಂದದ್ದು. 1993ರಲ್ಲಿ ಅವರ ಕೃತಿಗಳು ವೆನಿಸ್ ಬಿಯೆನಾಲೆಗೆ ಹೋದವು. 1999ರಲ್ಲಿ, 32ನೇ ವಯಸ್ಸಿಗೇ ಅವರು ತೀರಿಕೊಂಡರು. ಮಾತಾಡೋಕೆ ಬಾಯಿಲ್ಲದವಳ ಕತೆ ಹೇಳೋಕೆ ಅವರಿಗೆ ರಟ್ಟು ಸಾಕಾಯ್ತು. ಸಾಮಾನು ಸಣ್ಣದು ಅಂತ ಹೇಳೋ ಮಾತು ಸಣ್ಣದಾಗಬೇಕಿಲ್ಲ.

ಕಸದಿಂದ ಮಾಡಿದ್ದಕ್ಕೆ ಇಷ್ಟು ರೇಟಾ?

ಈಗ ಬಿಕಾಂ ಓದಿದವನ ಲೆಕ್ಕ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲೋ ಇನ್‌ಸ್ಟಾಗ್ರಾಮಲ್ಲೋ ನಿಮ್ಮ ಅಚ್ಚು ಮಾರೋಕೆ ಹೊರಟರೆ ಎರಡು ಪ್ರಶ್ನೆ ಬಂದೇ ಬರತ್ತೆ: "ಇದು ಪ್ರಿಂಟಲ್ವಾ, ಜೆರಾಕ್ಸ್ ಥರ?" ಮತ್ತು "ವೇಸ್ಟಿಂದ ಮಾಡಿದ್ದಲ್ವಾ?"

ಮೊದಲನೇದಕ್ಕೆ ಉತ್ತರ: ಜೆರಾಕ್ಸಿಗೆ ಎಲ್ಲೋ ಒಂದು ಮೂಲ ಪ್ರತಿ ಇರತ್ತೆ. ಕೊಲಾಗ್ರಫ್‌ಗೆ ಹಾಗೆ ಬೇರೆ ಮೂಲ ಚಿತ್ರ ಇಲ್ಲ. ಪ್ರತಿ ಅಚ್ಚನ್ನೂ ಮತ್ತೆ ಇಂಕ್ ತುಂಬಿ, ಮತ್ತೆ ಒರೆಸಿ ತೆಗೀಬೇಕು. ಹಾಗಾಗಿ ಪ್ರತಿ ಅಚ್ಚೂ ಮೂಲವೇ.

ಎರಡನೇದಕ್ಕೆ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಪ್ಲೇಟಿನ ಅಂಟು, ಪಾಲಿಶು 150 ರೂಪಾಯಿ, ಇದು ಫಿಕ್ಸೆಡ್ ಕಾಸ್ಟ್. ಹಾಳೆಗೆ 60, ಇಂಕಿಗೆ 10, ಇದು ಒಂದೊಂದು ಅಚ್ಚಿಗೂ ಬೀಳೋದು. ಹತ್ತು ಒಳ್ಳೇ ಅಚ್ಚು ಬರೋಕೆ 13 ಹಾಳೆ ಹೋಯ್ತು ಅನ್ನಿ. 910, ಅದಕ್ಕೆ 150 ಸೇರಿಸಿದ್ರೆ 1,060. ಒಂದಕ್ಕೆ 106 ರೂಪಾಯಿ. ಈಗ ಸಮಯ: ಪ್ಲೇಟಿಗೆ ಆರು ಗಂಟೆ, ಒಂದೊಂದು ಅಚ್ಚಿಗೆ ಅರ್ಧ ಗಂಟೆಯಂತೆ 13ಕ್ಕೆ ಆರೂವರೆ. ಗಂಟೆಗೆ ಬರೀ 100 ರೂಪಾಯಿ ಹಿಡಿದ್ರೂ 1,250. ಒಟ್ಟು 2,310, ಒಂದಕ್ಕೆ 231. ಅಂದ್ರೆ ಅರ್ಧಕ್ಕಿಂತ ಜಾಸ್ತಿ ಖರ್ಚು ನಿಮ್ಮ ಕೈಯದ್ದು. ಕಸಕ್ಕೆ ಬೆಲೆ ಸೊನ್ನೆ ಇರಬಹುದು, ಕೈಗೆ ಸೊನ್ನೆ ಹಾಕಬೇಡಿ.

ಇದರ ಜೊತೆ ಒಂದು ಜವಾಬ್ದಾರಿನೂ ಇದೆ. ರಟ್ಟಿನ ಪ್ಲೇಟ್ ತಾಮ್ರದಷ್ಟು ಬಾಳಲ್ಲ. ಒತ್ತಿ ಒತ್ತಿ ಎಲೆಯ ನರ ಸವೆಯತ್ತೆ, ರಟ್ಟು ಚಪ್ಪಟೆ ಆಗತ್ತೆ. ಚೆನ್ನಾಗಿ ಬರೋ ತನಕ ತೆಗೆದು ನಿಲ್ಲಿಸಿಬಿಡಿ. ಅದನ್ನ ಎಡಿಷನ್ ಅಂತಾರೆ. ಅಚ್ಚಿನ ಕೆಳಗೆ ಪೆನ್ಸಿಲಲ್ಲಿ ಎಡಕ್ಕೆ 3/10 ಅಂತ, ಅಂದ್ರೆ ಹತ್ತರಲ್ಲಿ ಮೂರನೇದು, ನಡುವೆ ಹೆಸರು, ಬಲಕ್ಕೆ ಸಹಿ. ಹತ್ತು ಅಂತ ಬರೆದ ಮೇಲೆ, ಎಷ್ಟೇ ಬೇಡಿಕೆ ಬಂದ್ರೂ ಹನ್ನೊಂದನೇದು ತೆಗೀಬಾರದು. ಕೊಂಡವರು ನಂಬಿರೋದು ಆ ಒಂದು ಅಂಕಿಯನ್ನ.

ಕೊನೆಗೆ ಈ ವಾರಕ್ಕೊಂದು ಕೆಲಸ. ಅಂಗೈ ಅಗಲದ ರಟ್ಟಿನ ಮೇಲೆ ಒಂಬತ್ತು ಚೌಕ ಮಾಡಿ, ಒಂದೊಂದರಲ್ಲಿ ಒಂದೊಂದು ವಸ್ತು ಅಂಟಿಸಿ. ಸೀಲ್ ಮಾಡಿ, ಚಮಚದಿಂದ ಅಚ್ಚು ತೆಗೀರಿ. ಚಿತ್ರ ಆಗಬೇಕಿಲ್ಲ. ಯಾವ ವಸ್ತು ಎಷ್ಟು ಕಪ್ಪು ಕೊಡತ್ತೆ ಅನ್ನೋ ನಿಮ್ಮದೇ ಪಟ್ಟಿ ಸಿಗತ್ತೆ. ಮುಂದಿನ ಪ್ಲೇಟಿಗೆ ಅದೇ ನಿಮ್ಮ ಬಣ್ಣದ ಡಬ್ಬಿ.

ಅಚ್ಚು ಬಂದಿದ್ದರ ಫೋಟೋ ಕಳಿಸಿ.